ಅಪ್ಪನ ಮಿದುಳನ್ನು ಪರೀಕ್ಷೆಗೆ ಕೊಡಬಹುದೇ?

ಪ್ರಶ್ನೆ (ನಾಪೋಕ್ಲು):
ಅಪ್ಪನಿಗೆ 78 ವರ್ಷ. ಆರು ವರ್ಷಗಳಿಂದ ಮರೆವು, ಕೈಕಾಲು ಬಿಗಿತ. ಸಂಜೆಯಾದರೆ ಮೆಣಸಿನ ಬಳ್ಳಿಯ ಬುಡದಲ್ಲಿ ಮೂವರು ಮಕ್ಕಳು ಕುಳಿತಿದ್ದಾರೆ, ಊಟ ಕೊಡು ಎನ್ನುತ್ತಾರೆ. ನಾನು ಒಂದು ತಟ್ಟೆ ಇಟ್ಟು ಬರುತ್ತೇನೆ. ಒಬ್ಬ ವೈದ್ಯರು ಅಲ್ಝೈಮರ್ ಎಂದರು, ಇನ್ನೊಬ್ಬರು ಪಾರ್ಕಿನ್ಸನ್. ಖಚಿತವಾಗಬೇಕಾದರೆ ಮಿದುಳಿನ ಅಂಗಾಂಶವನ್ನೇ ನೋಡಬೇಕಂತೆ. ಈಗಲೇ ಬಯಾಪ್ಸಿ ಮಾಡಿಸುವುದೇ, ಅವರು ಹೋದ ಮೇಲೆಯೇ? ಮುಖ ಕೆಡುತ್ತದೆ ಎಂದು ಅಣ್ಣ ಒಪ್ಪುತ್ತಿಲ್ಲ.

ಉತ್ತರ (ಸೋಮವಾರಪೇಟೆ, ನಿವೃತ್ತ ಪ್ರಯೋಗಾಲಯ ತಂತ್ರಜ್ಞ):
ಬಯಾಪ್ಸಿ ಬೇಡ. ಗೆಡ್ಡೆಯೋ ಸೋಂಕೋ ಇರುವ ಶಂಕೆಯಿದ್ದು, ಫಲಿತಾಂಶದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಅಷ್ಟೇ ಮಿದುಳಿಗೆ ಸೂಜಿ ಹಾಕುತ್ತಾರೆ. ರಕ್ತಸ್ರಾವದ ಅಪಾಯವಿದೆ.

ಮರಣಾನಂತರದ ಪರೀಕ್ಷೆ ಬೇರೆ. ಹಸಿ ಮಿದುಳು ಗಟ್ಟಿ ಮೊಸರಿನಷ್ಟು ಮೆದು. ಬುಡದ ರಕ್ತನಾಳದಡಿ ದಾರ ಪೋಣಿಸಿ ಅಂಗಾಂಶ ಕೆಡದಂತೆ ಗಟ್ಟಿಮಾಡುವ ಫಾರ್ಮಲಿನ್ ದ್ರವದ ಬಕೆಟ್‌ನಲ್ಲಿ ತಲೆಕೆಳಗಾಗಿ ತೂಗುಬಿಡುತ್ತಿದ್ದೆವು, ತಳಕ್ಕೆ ತಾಗಿ ಚಪ್ಪಟೆಯಾಗಬಾರದೆಂದು. ಎರಡು ಮೂರು ವಾರಕ್ಕೆ ಕೊಯ್ಯುವ ಹದ ಬರುತ್ತದೆ. ನಡುಮಿದುಳಿನಲ್ಲಿ ಒಂದು ಕಪ್ಪು ಪಟ್ಟಿಯಿರಬೇಕು. ಪಾರ್ಕಿನ್ಸನ್ ಇದ್ದವರಲ್ಲಿ ಅದು ಮಾಸಿರುವುದು ಬರಿಗಣ್ಣಿಗೇ ಕಾಣುತ್ತದೆ. ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳ್ಳಗೆ ಸೀಳಿ ಬಣ್ಣ ಹಾಕಿದರೆ ನರಕೋಶದೊಳಗೆ ಗುಲಾಬಿ ಉಂಡೆಗಳು ಸಿಗಬಹುದು. ಫ್ರೆಡರಿಕ್ ಲೂಯಿ 1912ರಲ್ಲಿ ವರ್ಣಿಸಿದ ಲೂಯಿ ಕಾಯಗಳು ಇವೇ. 1906ರಲ್ಲಿ ಅಲ್ಝೈಮರ್ ಎಂಬ ವೈದ್ಯ ತೋರಿಸಿದ ಗೋಜಲು ನಾರುಗಳೂ ಜೊತೆಗಿರಬಹುದು. ಇಳಿವಯಸ್ಸಿನಲ್ಲಿ ಎರಡೂ ಬೆರೆಯುವುದು ಅಪರೂಪವಲ್ಲ, ನಿಮ್ಮ ಇಬ್ಬರು ವೈದ್ಯರೂ ಸರಿಯಿರಬಹುದು.

ಆದರೆ ಇಲ್ಲದ ಮಕ್ಕಳು ಕಾಣುವುದನ್ನು ಓದಿದೊಡನೆ ನನಗೆ ನೆನಪಾದದ್ದು ಲೂಯಿ ಕಾಯಗಳೇ, ಅವಿದ್ದವರಿಗೆ ಇಂಥ ಭ್ರಮೆ ಬರುವುದುಂಟು. ಆ ತಟ್ಟೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಭ್ರಮೆಗೆಂದು ಕೊಡುವ ಕೆಲವು ಮಾತ್ರೆಗಳು ಇಂಥವರಿಗೆ ಆಗಿಬರುವುದಿಲ್ಲ, ಅಪಾಯವೂ ಆಗಬಹುದು.

ಅಣ್ಣನಿಗೂ ಹೇಳಿ: ಕಿವಿಯಿಂದ ಕಿವಿಗೆ ನೆತ್ತಿಯ ಮೇಲೆ ಕೊಯ್ದು, ಮತ್ತೆ ಹೊಲಿದು ಕೊಡುತ್ತಾರೆ. ಮುಖ ಹಾಗೆಯೇ ಇರುತ್ತದೆ.

ಉತ್ತರ (ವಿರಾಜಪೇಟೆ):
ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ನಮ್ಮ ಅಮ್ಮನದನ್ನು ಕೊಡಬೇಕೆಂದಿದ್ದೆವು. ಅವರು ತೀರಿಕೊಂಡ ರಾತ್ರಿ ಆಷಾಢದ ಮಳೆ, ಮರ ಉರುಳಿ ರಸ್ತೆ ಬಂದ್. ಕೆಲವೇ ಗಂಟೆಗಳೊಳಗೆ ತೆಗೆಯಬೇಕಾದ ಅಂಗ, ನಮಗೆ ಆಗಲಿಲ್ಲ. ಆ ನೋವು ಹೋಗಿಲ್ಲ. ಯಾರಿಗೆ ಫೋನ್ ಮಾಡಬೇಕು, ಶರೀರವನ್ನು ಹೇಗೆ ಸಾಗಿಸಬೇಕು ಎಂದು ಈಗಲೇ ವಿಚಾರಿಸಿಡಿ. ಬಂಧುಗಳ ಒಪ್ಪಿಗೆ ಬೇಕು, ಅಣ್ಣನನ್ನು ಬಿಟ್ಟು ಮುಂದುವರಿಯಬೇಡಿ.

ಪ್ರಶ್ನೆ ಕೇಳಿದವರು:
ಮಾತ್ರೆಯ ಚೀಟಿ ತೆಗೆದು ನೋಡಿದೆ. ಎರಡು ತಿಂಗಳ ಹಿಂದೆ ರಾತ್ರಿಗೊಂದು ಹೊಸದು ಸೇರಿದೆ, ಬಿಗಿತ ಹೆಚ್ಚಿದ್ದೂ ಆಗಿನಿಂದಲೇ. ನಾವಾಗಿ ನಿಲ್ಲಿಸುವುದಿಲ್ಲ, ಸೋಮವಾರ ಅಣ್ಣನನ್ನೂ ಕರೆದುಕೊಂಡು ವೈದ್ಯರ ಬಳಿ ಹೋಗುತ್ತಿದ್ದೇವೆ.