ಮಚಾಡೊ-ಜೋಸೆಫ್ ಕಾಯಿಲೆ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಪೋರ್ಚುಗೀಸರಿಂದ ಬಂತಾ?

ಡಾರ್ವಿನ್_ಸಿಸ್ಟರ್
ನಮಸ್ಕಾರ ಎಲ್ರಿಗೂ. ನಾನು ಮಂಡ್ಯದವಳು, ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ನರ್ಸ್ ಆಗಿದೀನಿ. ಇಲ್ಲಿ ಆರ್ನ್‌ಹೆಮ್ ಲ್ಯಾಂಡ್ ಕಡೆಯಿಂದ, ಅದ್ರಲ್ಲೂ ಗ್ರೂಟ್ ಐಲಾಂಟ್ ದ್ವೀಪದಿಂದ ಬರೋ ಮೂಲನಿವಾಸಿ ಪೇಷಂಟ್‌ಗಳಲ್ಲಿ ಮಚಾಡೊ-ಜೋಸೆಫ್ ಅನ್ನೋ, ವಂಶದಲ್ಲಿ ಬರೋ ನರಗಳ ಕಾಯಿಲೆ ಇರೋರನ್ನ ನೋಡ್ತೀನಿ. ಮೊದ್ಲು ನಡಿಗೆ ತೂರಾಡುತ್ತೆ, ಆಮೇಲೆ ಮಾತು ತೊದಲುತ್ತೆ, ನುಂಗೋಕೆ ಕಷ್ಟ ಆಗುತ್ತೆ, ಕೊನೆಗೆ ವೀಲ್‌ಚೇರ್, ಆದ್ರೆ ಬುದ್ಧಿ ಮಾತ್ರ ಹೆಚ್ಚುಕಮ್ಮಿ ಸರಿಯಾಗೇ ಇರುತ್ತೆ, ಅದೇ ನೋಡೋಕಾಗಲ್ಲ. ಇದನ್ನ ಹಿಂದೆ ಪೋರ್ಚುಗೀಸ್ ನಾವಿಕರೋ, ಕಡಲಸೌತೆ ಅನ್ನೋ ಸಮುದ್ರಜೀವಿ ಹಿಡಿಯೋಕೆ ಇಂಡೋನೇಷ್ಯಾದ ಸುಲಾವೆಸಿಯಿಂದ ಬರ್ತಿದ್ದ ಮಕಾಸ್ಸರ್‌ನವರೋ ತಂದ್ರು ಅಂತ ಇಲ್ಲಿ ಎಲ್ರೂ ಹೇಳ್ತಾರೆ. ನಿಜಾನಾ? ನಮ್ಮ ಕಡೆನೂ ಈ ಕಾಯಿಲೆ ಇದ್ಯಾ?

ಜೀನ್_ಮೈಸೂರು
ಸಿಸ್ಟರ್, ಪೋರ್ಚುಗೀಸರ ಕಥೆ ಹುಟ್ಟಿದ್ದಕ್ಕೆ ಕಾರಣ ಇದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಮೊದ್ಲು ವರ್ಣನೆ ಆದ ಮನೆತನಗಳೆಲ್ಲ ಅಟ್ಲಾಂಟಿಕ್ ಸಮುದ್ರದಲ್ಲಿರೋ, ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಗಳಿಂದ ಹೋದವ್ರು. ಮಚಾಡೊ, ಜೋಸೆಫ್ ಅನ್ನೋದೇ ಆ ಮನೆತನಗಳ ಹೆಸ್ರು, ಮೊದಮೊದ್ಲು ಬೇರೆಬೇರೆ ಕಾಯಿಲೆ ಅಂದ್ಕೊಂಡಿದ್ರು, 1978ರಲ್ಲಿ ಪೋರ್ಚುಗಲ್‌ನ ನರವೈದ್ಯರಾದ ಪೌಲಾ ಕೌಟಿನ್ಯೊ ಮತ್ತೆ ಕೊರಿನೊ ಆಂಡ್ರಾಡೆ ಎಲ್ಲಾ ಒಂದೇ ಅಂತ ತೋರಿಸಿದ್ರು. ಅಲ್ಲಿಂದ ಮುಂದೆ ಎಲ್ಲಿ ಈ ಕಾಯಿಲೆ ಸಿಕ್ಕಿದ್ರೂ ಪೋರ್ಚುಗೀಸ್ ಹಡಗು ಬಂದಿರ್ಬೇಕು ಅನ್ನೋ ಊಹೆ.

ಆದ್ರೆ ಊಹೆನ ಪರೀಕ್ಷೆ ಮಾಡೋಕೆ ದಾರಿ ಇದೆ. ಈ ಕಾಯಿಲೆ ತರೋ ತಪ್ಪು ಇರೋದು 14ನೇ ಕ್ರೋಮೋಸೋಮ್‌ನ ಎಟಿಎಕ್ಸ್‌ಎನ್3 ಜೀನ್‌ನಲ್ಲಿ, ಅದನ್ನ ಕಂಡುಹಿಡಿದಿದ್ದು 1994ರಲ್ಲಿ. ಸಿಎಜಿ ಅನ್ನೋ ಡಿಎನ್‌ಎ ಮೂರಕ್ಷರ ಅಲ್ಲಿ ಮತ್ತೆಮತ್ತೆ ಬರುತ್ತೆ, 44 ಸಲದವರೆಗೂ ತೊಂದ್ರೆ ಇಲ್ಲ, 60 ದಾಟಿದ್ರೆ ಕಾಯಿಲೆ. ಈ ಜೀನ್‌ನ ಅಕ್ಕಪಕ್ಕ ಇರೋ ಸಣ್ಣಸಣ್ಣ ಡಿಎನ್‌ಎ ವ್ಯತ್ಯಾಸಗಳು ಒಂದು ಗುಂಪಾಗಿ ತಲೆಮಾರಿಂದ ತಲೆಮಾರಿಗೆ ಹೋಗುತ್ವೆ, ಅದಕ್ಕೆ ಹ್ಯಾಪ್ಲೊಟೈಪ್ ಅಂತಾರೆ. ಎರಡು ಮನೆತನದ ಹ್ಯಾಪ್ಲೊಟೈಪ್ ಬೇರೆ ಆದ್ರೆ ಕಾಯಿಲೆ ಒಂದೇ ಇದ್ರೂ ಅದು ಬಂದ ದಾರಿ ಬೇರೆ. ಅಜೋರ್ಸ್ ಒಳಗೇ ನೋಡಿ, ಫ್ಲೋರೆಸ್ ದ್ವೀಪದವರದ್ದು ಒಂದು ಹ್ಯಾಪ್ಲೊಟೈಪ್, ಸಾವೊ ಮಿಗೆಲ್ ದ್ವೀಪದವರದ್ದು ಇನ್ನೊಂದು! ಒಂದೇ ದೇಶ, ಒಂದೇ ದ್ವೀಪಸಮೂಹ, ಮೂಲ ಎರಡು. ಇದ್ರಲ್ಲಿ ಫ್ಲೋರೆಸ್‌ನವರದ್ದೇ ಲೋಕದಲ್ಲೆಲ್ಲಾ ಜಾಸ್ತಿ ಹರಡಿರೋದು, ಅದ್ರ ಬೇರು ಏಷ್ಯಾದಲ್ಲಿ, ಸಾವಿರಾರು ವರ್ಷ ಹಳೇದು ಅಂತ 2007ರ ಅಧ್ಯಯನ ಹೇಳ್ತು. ಆಮೇಲೆ 2012ರಲ್ಲಿ ಗ್ರೂಟ್ ಐಲಾಂಟ್ ಮತ್ತೆ ಆರ್ನ್‌ಹೆಮ್ ಲ್ಯಾಂಡ್‌ನ ಯಿರ್‌ಕಾಲಾದ ಕುಟುಂಬಗಳನ್ನೇ ನೋಡಿದಾಗ ಅವ್ರದ್ದು ಏಷ್ಯಾದ ಕುಟುಂಬಗಳ ಜೊತೆ ಹೊಂದ್ತು, ಪೋರ್ಚುಗೀಸರಿಂದ ಬಂದಿದ್ದು ಅನ್ನೋದಕ್ಕೆ ಆಧಾರ ಸಿಗ್ಲಿಲ್ಲ. ಹಾಗಾಗಿ ಡ್ಯೂಟಿಲಿ ಯಾರಾದ್ರೂ ಆ ಮಾತಾಡಿದ್ರೆ ದಯವಿಟ್ಟು ತಿದ್ದಿ. ಆ ಕಥೇಲಿ, ಪೋರ್ಚುಗೀಸ್ ನಾವಿಕರ ಜೊತೆ ಆ ಮೂಲನಿವಾಸಿಗಳ ಅಜ್ಜಿಮುತ್ತಜ್ಜಿಯರಿಗೆ ಸಂಬಂಧ ಇತ್ತು ಅನ್ನೋ ಮಾತೂ ಅಡಗಿದೆ, ಆಧಾರ ಇಲ್ದೆ ಒಂದು ಜನಾಂಗದ ಬಗ್ಗೆ ಹಂಗೆ ಹೇಳೋದು ತಪ್ಪು.

ಮಲೆನಾಡಿನವ
ನಮ್ಮ ಕಡೆ ಇದ್ಯಾ ಅಂದ್ರಲ್ಲ ಅಕ್ಕ, ಇದೇ ಜಾತಿಯ ಕಾಯಿಲೆಗಳು ಇವೆ. ಮಚಾಡೊ-ಜೋಸೆಫ್‌ಗೆ ಎಸ್‌ಸಿಎ3 ಅಂತಾನೂ ಹೆಸ್ರು (ಎಸ್‌ಸಿಎ ಅಂದ್ರೆ ಸ್ಪೈನೋಸೆರೆಬೆಲ್ಲಾರ್ ಅಟಾಕ್ಸಿಯಾ, ನಡಿಗೆಯ ಹಿಡಿತ ತಪ್ಪಿಸೋ ವಂಶದ ಕಾಯಿಲೆಗಳ ಗುಂಪು), ಭಾರತದಲ್ಲಿ ಅದಕ್ಕಿಂತ ಎಸ್‌ಸಿಎ1, ಎಸ್‌ಸಿಎ2 ಜಾಸ್ತಿ. ಕೈನಡುಕದಿಂದ ಶುರುವಾಗೋ ಎಸ್‌ಸಿಎ12 ಉತ್ತರದ ಅಗರ್‌ವಾಲ್ ಸಮುದಾಯದಲ್ಲಿ ಹೆಚ್ಚು. ನಮ್ಮ ಮನೇಲಿ ಎಸ್‌ಸಿಎ1. ದೊಡ್ಡಪ್ಪನಿಗೆ ಶುರುವಾದಾಗ ನೆಂಟರೆಲ್ಲ ಸೇರಿ, ಸಂಬಂಧದೊಳಗೇ ಮದುವೆ ಮಾಡ್ಕೊಂಡ್ರಲ್ಲ ಅದಕ್ಕೇ ಹಿಂಗಾಯ್ತು ಅಂತ ಅಜ್ಜಿನ ಮಾತಲ್ಲೇ ಚುಚ್ಚಿದ್ರು, ಪಾಪ ಅವ್ರು ಆ ನೋವಲ್ಲೇ ಹೋದ್ರು. ಇದನ್ನ ಇಲ್ಲಿ ಓದೋರು ದಯವಿಟ್ಟು ಗಮನಿಸಿ: ಎಸ್‌ಸಿಎ1, 2, 3 ಬರೋಕೆ ತಂದೆ ಅಥವಾ ತಾಯಿ ಒಬ್ರಿಂದ ಒಂದು ಕೆಟ್ಟ ಪ್ರತಿ ಬಂದ್ರೆ ಸಾಕು, ಅಕ್ಕನ ಮಗಳನ್ನ ಮದುವೆ ಆದ್ರೂ ಅಷ್ಟೇ, ಪರದೇಶದವಳನ್ನ ಆದ್ರೂ ಅಷ್ಟೇ, ಇಬ್ರಲ್ಲಿ ಒಬ್ರಿಗೆ ಮಾತ್ರ ಆ ಪ್ರತಿ ಇದ್ರೆ ಪ್ರತಿ ಮಗುವಿಗೂ ಶೇ. 50 ಚಾನ್ಸ್. ಸೋದರಿಕೆ ಮದುವೆಯಿಂದ ಅಪಾಯ ಜಾಸ್ತಿ ಆಗೋದು ನಡಿಗೆ ತೂರಾಡಿಸೋ ಇನ್ನೊಂದು ಕಾಯಿಲೆ ಫ್ರೀಡ್‌ರೈಕ್ ಅಟಾಕ್ಸಿಯಾ ಥರದ್ದಕ್ಕೆ, ಅಲ್ಲಿ ಎರಡೂ ಕಡೆಯಿಂದ ಬರ್ಬೇಕು.

ಡಾರ್ವಿನ್_ಸಿಸ್ಟರ್
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಅಜ್ಜಿ ವಿಷ್ಯ ಓದಿ ಸಂಕಟ ಆಯ್ತು. ಇನ್ನೊಂದು ಕೇಳ್ಬೇಕು, ಇಲ್ಲಿ ಅಪ್ಪನಿಗಿಂತ ಮಗನಿಗೆ ಬೇಗ ಶುರುವಾಗಿರೋದು ನೋಡಿದೀನಿ, ಯಾಕೆ ಹಂಗೆ?

ಜೀನ್_ಮೈಸೂರು
ಆ ಸಿಎಜಿ ಸಾಲು ಮುಂದಿನ ತಲೆಮಾರಿಗೆ ಹೋಗುವಾಗ ಉದ್ದ ಆಗ್ಬಹುದು, ಉದ್ದ ಆದಷ್ಟೂ ಸಾಮಾನ್ಯವಾಗಿ ಬೇಗ ಶುರು. ಅಪ್ಪನ ಕಡೆಯಿಂದ ಬಂದಾಗ ಬೆಳೆಯೋದು ಜಾಸ್ತಿ. ಆದ್ರೆ ಸಂಖ್ಯೆ ನೋಡಿ ಇಂಥ ವಯಸ್ಸಿಗೇ ಬರುತ್ತೆ ಅಂತ ಯಾರಿಗೂ ಹೇಳ್ಬೇಡಿ, ಒಂದೇ ಸಂಖ್ಯೆ ಇರೋ ಇಬ್ಬರಲ್ಲೂ ಹಲವು ವರ್ಷ ವ್ಯತ್ಯಾಸ ಇರುತ್ತೆ.

ಮಲೆನಾಡಿನವ
ಜೀನ್ ಟೆಸ್ಟ್ ಬಗ್ಗೆನೂ ಒಂದು ಮಾತು. ಲಕ್ಷಣ ಇಲ್ದಿರೋ ಮಕ್ಕಳಿಗೆ 18 ಆಗೋವರೆಗೂ ಸಾಮಾನ್ಯವಾಗಿ ಮಾಡಲ್ಲ, ದೊಡ್ಡವರಿಗೂ ಮೊದ್ಲು ಕೌನ್ಸೆಲಿಂಗ್. ನಮ್ಮ ಕಡೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ನನ್ನ ತಂಗಿ ಮಾಡಿಸ್ಕೊಂಡ್ಳು, ನಾನು ಮಾಡಿಸ್ಕೊಂಡಿಲ್ಲ, ಎರಡಕ್ಕೂ ಮನೇಲಿ ಯಾರೂ ಏನೂ ಅಂದಿಲ್ಲ.