ಹಿಮ ಅಳೆದು ರೇಡಿಯೋದಲ್ಲಿ ಹೇಳುವ ಅಜ್ಜ: ನಮ್ಮ ಕಡೆಯ ಮಳೆಗೂ ಹೀಗೆ ಮಾಡಬಹುದಾ?

ಬೆಟಗೇರಿ ಕಾಕಾ:

ನಮಸ್ಕಾರ ಎಲ್ಲರಿಗೂ. ನನ್ನ ಮಗಳು ಅಮೆರಿಕದ ಬಫಲೋ ಹತ್ತಿರ ಇದ್ದಾಳೆ. ಹೋದ ಶನಿವಾರ ವಿಡಿಯೋ ಕಾಲ್ ಮಾಡಿದ್ದಳು. ಹೊರಗೆ ಎದುರು ಮನೆ ಕಾಣದಷ್ಟು ಹಿಮ, ಮೇಲೆ ಗಾಳಿ. ಅಷ್ಟರಲ್ಲಿ ಪಕ್ಕದ ಮನೆ ಅಜ್ಜ ಟೋಪಿ ಕಿವಿ ತನಕ ಎಳೆದುಕೊಂಡು ಹಿತ್ತಲಿಗೆ ಬಂದ. ಅಲ್ಲೊಂದು ಬಿಳಿ ಹಲಗೆ. ಅದರ ಮೇಲೆ ಬಿದ್ದ ಹಿಮದಲ್ಲಿ ಸ್ಕೇಲ್ ನಿಲ್ಲಿಸಿ, ಬಗ್ಗಿ ನೋಡಿದ. ಆಮೇಲೆ ಹಲಗೆ ಒರೆಸಿ ಅಲ್ಲೇ ಇಟ್ಟು ಒಳಗೆ ಹೋದ. "ಈಗ ರೇಡಿಯೋದಲ್ಲಿ ಹವಾಮಾನ ಕಚೇರಿಗೆ ಹೇಳ್ತಾರೆ ಪಪ್ಪಾ, ದಿನಕ್ಕೆ ನಾಲ್ಕು ಸಲ" ಅಂದಳು ಮಗಳು.

ಅವರ ಹತ್ತಿರ ರೇಡಾರ್ ಇದೆ, ಉಪಗ್ರಹ ಇದೆ. ಹಿತ್ತಲಲ್ಲಿ ನಿಂತ ಅಜ್ಜನ ಮಾತು ಯಾಕೆ ಬೇಕು?

ಕೇಳೋಕೆ ಕಾರಣ ಇದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿಗೆ ನೀರು ನುಗ್ಗಿದಾಗ ನನ್ನ ತಂಗಿ ಆ ಕಡೆಯ ಹಳ್ಳಿಯಲ್ಲೇ ಇದ್ದಳು. ಸಂಜೆಯಿಂದ ಫೋನ್ ಹತ್ತಲಿಲ್ಲ. ಮರುದಿನ ಮಧ್ಯಾಹ್ನ ಗೊತ್ತಾಯಿತು, ಎರಡು ಆಡು ಕಟ್ಟಿಕೊಂಡು ರಾತ್ರಿಯೆಲ್ಲ ಮಾಳಿಗೆ ಮೇಲೆ ಕೂತಿದ್ದಳಂತೆ. ಆ ರಾತ್ರಿ ನಾನು ಇನ್ನೂ ಮರೆತಿಲ್ಲ. ಆ ಊರಲ್ಲಿ ಒಬ್ಬನ ಹತ್ತಿರವಾದರೂ ಅಂಥದ್ದೊಂದು ರೇಡಿಯೋ ಇದ್ದಿದ್ದರೆ?

ಸಾಧನಕೇರಿ ತರಂಗ:

ಕಾಕಾ, ನಾನು ಧಾರವಾಡದವನು, ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವನು, ಆಗಿ 22 ವರ್ಷ ಆಯಿತು. ಒಂದು ಚಳಿಗಾಲ ಮಿನೆಸೋಟಾದಲ್ಲಿ ಮಗನ ಮನೆಯಲ್ಲಿದ್ದೆ. ಅಲ್ಲಿ ಮಾತಾಡೋಕೆ ನನಗೆ ಪರವಾನಗಿ ಇರಲಿಲ್ಲ, ಬರೀ ಕಿವಿಗೊಟ್ಟು ಕೇಳಿದೆ.

ರೇಡಾರ್ ಕಿರಣ ನೆಲದ ಗುಂಟ ಹೋಗುವುದಿಲ್ಲ. ಸ್ವಲ್ಪ ಮೇಲ್ಮುಖವಾಗಿ ಹೊರಡುತ್ತೆ, ಭೂಮಿ ಕೆಳಗೆ ಬಾಗುತ್ತಾ ಹೋಗುತ್ತೆ. 100 ಕಿ.ಮೀ. ದೂರ ತಲುಪುವಷ್ಟರಲ್ಲಿ ಕಿರಣ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತೆ. ಹಿಮದ ಮೋಡ ಎಷ್ಟೋ ಸಲ ತೀರಾ ತಗ್ಗಿನಲ್ಲಿರುತ್ತೆ, ಅದರ ತಲೆ ಮೇಲೆ ಕಿರಣ ದಾಟಿ ಹೋಗುತ್ತೆ. ಇನ್ನೊಂದು, ಮೇಲೆ ಹಿಮವಾಗಿ ಇದ್ದದ್ದು ನೆಲಕ್ಕೆ ಬರುವಾಗ ಮಳೆ ಆಗಿದೆಯಾ, ಮುಟ್ಟಿದ ಕೂಡಲೇ ಹೆಪ್ಪುಗಟ್ಟುವ ಮಳೆಯಾ, ಅದು ನೆಲದ ಮೇಲೆ ನಿಂತವನಿಗೇ ಸರಿಯಾಗಿ ಗೊತ್ತಾಗೋದು. ಈ ಹೆಪ್ಪುಗಟ್ಟುವ ಮಳೆ ಬಲು ಅಪಾಯ. ಟೊಂಗೆ, ಕರೆಂಟ್ ತಂತಿ ಮೇಲೆ ಕಾಲು ಇಂಚು ಮಂಜುಗಡ್ಡೆ ಕಟ್ಟಿದರೆ ಸಾಮಾನ್ಯವಾಗಿ ಅಲ್ಲಿ ಐಸ್ ಸ್ಟಾರ್ಮ್ ಎಚ್ಚರಿಕೆ ಕೊಡುತ್ತಾರೆ. ತಂತಿ ಹರಿದು ಬಿದ್ದ ಮೇಲೆ ಮೊಬೈಲ್ ಟವರ್ ಬ್ಯಾಟರಿ ಎಷ್ಟು ಹೊತ್ತು ಬಾಳೀತು? ಕಾರ್ ಬ್ಯಾಟರಿ ಮೇಲೆ ನಡೆಯುವ ರೇಡಿಯೋ ಆಗ ಮಾತಾಡುತ್ತೆ.

ಅದಕ್ಕೇ ಅಲ್ಲಿನ ಹವಾಮಾನ ಇಲಾಖೆ ಸ್ಕೈವಾರ್ನ್ ಅಂತ ಯೋಜನೆ ಇಟ್ಟಿದೆ. ತರಬೇತಿ ಪುಕ್ಕಟೆ. 3.5 ಲಕ್ಷಕ್ಕೂ ಹೆಚ್ಚು ಜನ ಕಲಿತಿದ್ದಾರೆ. ಹ್ಯಾಮ್‌ಗಳು ಅದರಲ್ಲಿ ಒಂದು ಪಾಲು. ಇವರನ್ನು ನೆನೆಯೋಕೆ 1999ರಿಂದ ಡಿಸೆಂಬರ್‌ನಲ್ಲಿ ಒಂದು ದಿನವನ್ನೇ ಇಟ್ಟಿದ್ದಾರೆ.

ಹ್ಯಾಮ್‌ಗಳು ಒಂದೇ ತರಂಗದಲ್ಲಿ ಸೇರಿ ಸರದಿ ಪ್ರಕಾರ ಮಾತಾಡುವುದಕ್ಕೆ ನೆಟ್ ಅಂತಾರೆ. ನಾನು ಕೇಳಿದ ನೆಟ್‌ನಲ್ಲಿ ಒಬ್ಬ ಹೆಣ್ಣುಮಗಳು ಅದನ್ನು ನಡೆಸುತ್ತಿದ್ದಳು. ಆಕೆ ಕರೆದಾಗ ಮಾತ್ರ ಉಳಿದವರು ಬಾಯಿ ತೆರೆಯೋದು. ಒಬ್ಬ "ಇಲ್ಲಿ ಹಿಮ ಸಿಕ್ಕಾಪಟ್ಟೆ ಇದೆ" ಅಂದ. ಆಕೆ ಸಮಾಧಾನದಿಂದ ಕೇಳಿದಳು: ಎಷ್ಟು ಇಂಚು? ಅಳೆದದ್ದಾ, ಅಂದಾಜಾ? ಎಷ್ಟು ಗಂಟೆಗೆ? ಆತ ಹೊರಗೆ ಹೋಗಿ ಅಳೆದು ಬಂದು ಮತ್ತೆ ಹೇಳಿದ. ನಿಮ್ಮ ಅಜ್ಜನ ಬಿಳಿ ಹಲಗೆಯೂ ಅದಕ್ಕೇ. ಬಿಳಿ ಬಣ್ಣ ಬಿಸಿಲಿಗೆ ಬೇಗ ಕಾಯುವುದಿಲ್ಲ. ಆರು ಗಂಟೆಗೊಮ್ಮೆ ಒರೆಸಿದರೆ ಹೊಸ ಹಿಮ ಎಷ್ಟು ಅಂತ ಸರಿಯಾಗಿ ಸಿಗುತ್ತೆ.

ನಮ್ಮಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕಗಳಿವೆ, ಒಳ್ಳೆಯದೇ. ಆದರೆ ಬೆಣ್ಣಿಹಳ್ಳದ ಸೇತುವೆ ಮೇಲೆ ನೀರು ಮೊಣಕಾಲು ಮಟ್ಟ ಬಂದಿದೆ ಅಂತ ಮಳೆಮಾಪಕ ಹೇಳುವುದಿಲ್ಲ. ಅದನ್ನು ಕಂಡವರೇ ಹೇಳಬೇಕು.

ಕೆಲಗೇರಿ ಮಾವು:

ಕಾಕಾ, ನಿಮ್ಮ ತಂಗಿಯ ಮಾತು ಓದಿ ಕಣ್ಣು ತುಂಬಿತು.

ನಮ್ಮದು ಆಪೂಸ್ ತೋಟ. ನಮಗೆ ಹಿಮ ಇಲ್ಲ, ಆಣೆಕಲ್ಲು ಇದೆ. ಏಪ್ರಿಲ್‌ನಲ್ಲಿ ಹತ್ತೇ ನಿಮಿಷ ಬಿದ್ದರೂ ಸಾಕು, ಕಾಯಿಗೆ ಕಪ್ಪು ಚುಕ್ಕೆ. ನಮ್ಮ ಮಾವ ಯಾವಾಗಲೂ "ಅಡಿಕೆಯಷ್ಟು", "ನಿಂಬೆಹಣ್ಣಿನಷ್ಟು" ಅನ್ನುತ್ತಿದ್ದರು. ನಾನು ಈಗ ಹತ್ತು ರೂಪಾಯಿ ನಾಣ್ಯ ಪಕ್ಕಕ್ಕಿಟ್ಟು ಫೋಟೋ ತೆಗೆಯುತ್ತೇನೆ. ನಾಣ್ಯದ ಅಗಲ 27 ಮಿ.ಮೀ., ಒಂದು ಇಂಚಿಗಿಂತ ಚೂರು ಜಾಸ್ತಿ. ಅಮೆರಿಕದಲ್ಲಿ ಆಣೆಕಲ್ಲು ಒಂದು ಇಂಚು ಮುಟ್ಟಿದರೆ ತೀವ್ರ ಬಿರುಗಾಳಿ ಮಳೆ ಅಂತ ಲೆಕ್ಕ. ಕರಗುವ ಮೊದಲೇ ತೆಗೀಬೇಕು ನೋಡಿ, ಸಿಡಿಲು ನಿಂತಿದ್ದರೆ ಮಾತ್ರ ಹೊರಗೆ ಹೋಗಿ.

ಬೆಟಗೇರಿ ಕಾಕಾ:

ಇಬ್ಬರಿಗೂ ಕೈ ಮುಗಿಯುತ್ತೇನೆ. ಈ ವಯಸ್ಸಿನಲ್ಲಿ, 61ಕ್ಕೆ, ಲೈಸೆನ್ಸ್ ಸಿಗುತ್ತಾ? ಚುಕ್ಕೆ-ಗೆರೆಯ ಮೋರ್ಸ್ ಸಂಕೇತ ಕಲಿಯಲೇಬೇಕಾ?

ಸಾಧನಕೇರಿ ತರಂಗ:

ಸಿಗುತ್ತೆ. 12 ವರ್ಷ ತುಂಬಿದ ಯಾರಾದರೂ ಕೂರಬಹುದು, ಮೇಲೆ ಮಿತಿ ಇಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಡ, ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ನಿಮ್ಮ ಗುರುತಿನ ಸಂಕೇತ, ವಿಯು3ರಿಂದ ಶುರುವಾಗುತ್ತೆ. ಲೈಸೆನ್ಸ್ ಕೈಗೆ ಬರುವ ತನಕ ಮೈಕ್ ಒತ್ತಬೇಡಿ.

ಅಲ್ಲಿಯವರೆಗೆ ಅಳೆಯೋಕೆ ಶುರು ಮಾಡಿ. ನೇರ ಗೋಡೆಯ ಸ್ಟೀಲ್ ಡಬ್ಬಿಯನ್ನು ಬಯಲಲ್ಲಿ, ಗಿಡ-ಗೋಡೆಯಿಂದ ದೂರ ಇಡಿ. ಬೆಳಗ್ಗೆ 8:30ಕ್ಕೆ ಸ್ಕೇಲ್ ಹಾಕಿ ಮಿ.ಮೀ. ಬರೆದಿಡಿ. ಹವಾಮಾನ ಇಲಾಖೆಯವರ ದಿನದ ಲೆಕ್ಕವೂ ಅದೇ ಹೊತ್ತಿನದು. ನೀರು ಏರಿದ್ದು ಕಂಡರೆ ಜಿಲ್ಲಾ ಕಂಟ್ರೋಲ್ ರೂಮಿಗೆ 1077ಕ್ಕೆ ಹೇಳಿ: ಯಾವ ಜಾಗ, ಎಷ್ಟು ಗಂಟೆ, ಎಷ್ಟು ನೀರು.

ಬೆಟಗೇರಿ ಕಾಕಾ:

ಡಬ್ಬಿ ತಂದೆ. ಎರಡು ತಂದೆ, ಒಂದು ತಂಗಿಯ ಊರಿಗೆ. ಭಾನುವಾರ ಕೊಟ್ಟು ಬರುತ್ತೇನೆ, ಅವಳ ಮೊಮ್ಮಗನಿಗೆ ಸ್ಕೇಲ್ ಓದೋಕೆ ಬರುತ್ತೆ.