ಪಿಂಕಿ ಬೇಕಂತ ಮಾಡುತ್ತಿಲ್ಲ ಅತ್ತಿಗೆ

ಅತ್ತಿಗೆ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ನಿಮ್ಮ ನಾಯಿ ಪಿಂಕಿ ಮಲಗಿ ಎದ್ದ ಜಾಗವೆಲ್ಲ ಉಚ್ಚೆಯಿಂದ ಒದ್ದೆ, ಹತ್ತು ದಿನದಿಂದ ಹೀಗೇ ಆಗುತ್ತಿದೆ, ಅಣ್ಣ ಸಂಜೆಯಾದರೆ ನೀರಿನ ಬಟ್ಟಲು ಎತ್ತಿಡುತ್ತಾನೆ, ಅಮ್ಮ ಹೊರಗೆ ಕಟ್ಟಿ ಅನ್ನುತ್ತಾಳೆ, ಏನು ಮಾಡಲಿ ಅಂತ ಕೇಳಿದ್ದೀರಿ. ಟೈಪ್ ಮಾಡಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಮನೆಯವರೆಲ್ಲ ಇರುವ ಗ್ರೂಪಿಗೆ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೂತು ಕೇಳಿ.

ಮೊದಲು ಆ ನೀರಿನ ಬಟ್ಟಲು ವಾಪಸ್ ಇಡಿ. ಅಣ್ಣಾ, ನೀನೂ ಕೇಳು. ಹದಿಮೂರು ವರ್ಷದ ನಾಯಿ ಅದು. ಕಿಡ್ನಿ ಸೋತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೈ ತಾನಾಗಿಯೇ ನೀರು ಕೇಳುತ್ತದೆ. ಆಗ ನಾವು ನೀರು ತಪ್ಪಿಸಿದರೆ ಉಚ್ಚೆ ನಿಲ್ಲುವುದಿಲ್ಲ, ಒಳಗೆ ನೀರಿಲ್ಲದೆ ನಾಯಿಯೇ ಮಲಗಿಬಿಡುತ್ತದೆ. ನಮ್ಮ ನಾಯಿ ಚಿನ್ನಿಗೂ ನಾನು ಇದೇ ತಪ್ಪು ಮಾಡಿದ್ದೆ. ಒಂದು ವಾರ ರಾತ್ರಿ ನೀರು ಕೊಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಾತ್‌ರೂಮಿನ ನೆಲ ನೆಕ್ಕುತ್ತಿತ್ತು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಂದು ಮಾತು. ಅದು ಹಟಕ್ಕೆ ಮಾಡುತ್ತಿಲ್ಲ. ಮಲಗಿದ್ದಾಗ ಸೋರುತ್ತದೆ ಅಂದಿರಲ್ವಾ, ಅದು ಅದಕ್ಕೆ ಗೊತ್ತೇ ಆಗುವುದಿಲ್ಲ. ಚಿನ್ನಿ ಹಾಗೆಯೇ. ಗಾಢ ನಿದ್ದೆಯಿಂದ ಎದ್ದು, ತಾನು ಮಲಗಿದ್ದ ಕಡೆ ತಿರುಗಿ ಮೂಸುತ್ತಿತ್ತು. ಒಂದು ಹೋಳಿಗೆಯಷ್ಟಗಲ ಒದ್ದೆ. ಕಿವಿ ಹಿಂದಕ್ಕೆ ಮಡಚಿ, ನಮ್ಮನ್ನು ಒಂದು ಸಲ ನೋಡಿ, ಆ ಒದ್ದೆಯನ್ನೇ ನೆಕ್ಕಲು ಶುರು ಮಾಡುತ್ತಿತ್ತು. ಅದನ್ನು ನೋಡಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಗದರಲಿಲ್ಲ.

ಹಾಗಂತ ವಯಸ್ಸಾಯಿತು ಅಂತ ಸುಮ್ನೆ ಬಿಡಬೇಡಿ. ನಾವು ಹಾಗೆ ಎರಡು ತಿಂಗಳು ಬಿಟ್ಟೆವು. ಆಮೇಲೆ ಒಂದು ಕ್ಲಿನಿಕ್ಕಿಗೆ ಹೋದರೆ ಮೂತ್ರ ನೋಡದೆಯೇ ಇಂಜೆಕ್ಷನ್ ಚುಚ್ಚಿ ಕಳಿಸಿದರು. ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಅದೇ. ಎರಡನೇ ಡಾಕ್ಟರು ಮೊದಲು ಕೇಳಿದ್ದೇ ಮೂತ್ರದ ಸ್ಯಾಂಪಲ್. ನೋಡಿದರೆ ಇನ್ಫೆಕ್ಷನ್ ಇತ್ತು. ಕಲ್ಚರ್ ಮಾಡಿಸಿ, ಅಂದರೆ ಲ್ಯಾಬಿನಲ್ಲಿ ಯಾವ ರೋಗಾಣು ಅಂತ ಬೆಳೆಸಿ ನೋಡಿ, ಅದಕ್ಕೆ ತಕ್ಕ ಔಷಧಿ ಕೊಟ್ಟರು. ಗಳಿಗೆಗೊಮ್ಮೆ ಕೂತು ಎರಡೇ ಹನಿ ಮಾಡುತ್ತಿದ್ದುದು ನಿಂತಿತು. ಆದರೆ ನಿದ್ದೆಯಲ್ಲಿ ಸೋರುವುದು ಮಾತ್ರ ಉಳಿಯಿತು.

ಆಗ ಡಾಕ್ಟರು ಬಿಡಿಸಿ ಹೇಳಿದರು. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ ಹೆಣ್ಣು ನಾಯಿಗಳಲ್ಲಿ ಹಾರ್ಮೋನ್ ಕಡಿಮೆಯಾಗಿ, ಮೂತ್ರದ ದಾರಿಯನ್ನು ಬಿಗಿಹಿಡಿಯುವ ಸ್ನಾಯು ಸಡಿಲ ಆಗುತ್ತದಂತೆ. ಕೊಳಾಯಿಯ ವಾಷರ್ ಸವೆದ ಹಾಗೆ. ಎಚ್ಚರ ಇದ್ದಾಗ ಹೇಗೋ ತಡೆಯುತ್ತದೆ, ನಿದ್ದೆಯಲ್ಲಿ ಮೈ ಸಡಿಲ ಬಿಟ್ಟಾಗ ಸೋರುತ್ತದೆ. ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೂ ಶುರುವಾಗಬಹುದು. ಪಿಂಕಿಗೂ ಆಪರೇಷನ್ ಆಗಿದೆ ಅಲ್ವಾ, ಅದಕ್ಕೇ ಹೇಳುತ್ತಿದ್ದೇನೆ. ಇದಕ್ಕೆ ಮಾತ್ರೆ ಇದೆ ಅತ್ತಿಗೆ. ಚಿನ್ನಿಗೆ ಈಸ್ಟ್ರಿಯಾಲ್ ಅನ್ನುವುದನ್ನು ಕೊಟ್ಟರು. ಮೊದಲು ದಿನಾ, ಆಮೇಲೆ ಕಡಿಮೆ ಮಾಡುತ್ತಾ ದಿನ ಬಿಟ್ಟು ದಿನಕ್ಕೆ ತಂದರು. ಪೂರ್ತಿ ನಿಲ್ಲಲಿಲ್ಲ, ಆದರೆ ವಾರದಲ್ಲಿ ಒಂದೋ ಎರಡೋ ಸಲಕ್ಕೆ ಇಳಿಯಿತು. ಸ್ನಾಯು ಬಿಗಿ ಮಾಡುವ ಬೇರೆ ಮಾತ್ರೆಯೂ ಇದೆ, ಫಿನೈಲ್‌ಪ್ರೊಪನೊಲಮೈನ್ ಅಂತ. ಅದರಿಂದ ಬಿಪಿ ಏರಬಹುದು. ಪಿಂಕಿಗೆ ರಾತ್ರಿ ಕೆಮ್ಮು ಬರುತ್ತದೆ ಅಂತ ಹಿಂದೆ ಹೇಳಿದ್ದಿರಿ. ಚಿಕ್ಕ ಜಾತಿಯ ನಾಯಿಗಳಿಗೆ ವಯಸ್ಸಾದ ಮೇಲೆ ಹಾರ್ಟ್ ವಾಲ್ವ್ ತೊಂದರೆ ಜಾಸ್ತಿ. ಹಾಗಾಗಿ ಕೆಮ್ಮಿನ ವಿಷಯ ಡಾಕ್ಟರಿಗೆ ಮರೆಯದೆ ಹೇಳಿ. ನಮ್ಮ ನೆಗಡಿ ಮಾತ್ರೆಯನ್ನೋ ಅಮ್ಮನ ಮಾತ್ರೆಯನ್ನೋ ಮುರಿದು ಕೊಡುವ ಯೋಚನೆ ಯಾರಿಗೂ ಬರಬಾರದು.

ಅಂದ ಹಾಗೆ, ಕಳೆದ ತಿಂಗಳು ತುರಿಕೆಗೆ ಅಂತ ಮಾತ್ರೆ ಕೊಟ್ಟಿದ್ದರಲ್ವಾ? ಸ್ಟ್ರಿಪ್ ಮೇಲೆ ಪ್ರೆಡ್ನಿಸೋಲೋನ್ ಅಂತ ಇದೆಯಾ ನೋಡಿ. ಅದು ಸ್ಟೀರಾಯ್ಡ್, ಬಾಯಾರಿಕೆಯೂ ಉಚ್ಚೆಯೂ ಜಾಸ್ತಿ ಆಗುತ್ತದೆ. ಹಾರ್ಟಿಗೆ ಅಂತ ಕೊಡುವ, ಮೈಯ ನೀರು ಇಳಿಸುವ ಮಾತ್ರೆಯಿಂದಲೂ ಹಾಗೆಯೇ. ನೀವೇ ನಿಲ್ಲಿಸಬೇಡಿ, ಸ್ಟ್ರಿಪ್ ತೆಗೆದುಕೊಂಡು ಹೋಗಿ ತೋರಿಸಿ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಎರಡು ಕೆಲಸ ಮಾಡಿ. ಒಂದು, ನೀರು ಅಳೆಯುವುದು. ಬೆಳಿಗ್ಗೆ ಲೀಟರ್ ಬಾಟಲಿ ತುಂಬಿಸಿಟ್ಟು, ಇಡೀ ದಿನ ಅದರಿಂದಲೇ ಬಟ್ಟಲಿಗೆ ಹಾಕಿ. ಮರುದಿನ ಅದೇ ಹೊತ್ತಿಗೆ ಬಟ್ಟಲಲ್ಲಿ, ಬಾಟಲಿಯಲ್ಲಿ ಎಷ್ಟು ಉಳಿದಿದೆ ನೋಡಿ. ಕಿಲೋಗೆ 50ರಿಂದ 60 ಎಂಎಲ್ ಮಾಮೂಲಿ. ಪಿಂಕಿ 6 ಕಿಲೋ ಅಂದರೆ ಹೆಚ್ಚುಕಡಿಮೆ 300ರಿಂದ 350 ಎಂಎಲ್. ದಿನಕ್ಕೆ 600 ದಾಟುತ್ತಿದ್ದರೆ ಅದು ಬರೀ ಸ್ನಾಯುವಿನ ತೊಂದರೆಯಲ್ಲ. ಸಕ್ಕರೆ, ಕಿಡ್ನಿ, ಕುಶಿಂಗ್ಸ್ ಅನ್ನುವ ಹಾರ್ಮೋನ್ ಕಾಯಿಲೆ, ಇವೆಲ್ಲ ನೋಡಬೇಕಾಗುತ್ತದೆ, ರಕ್ತ ಪರೀಕ್ಷೆ ಆಗಲೇಬೇಕು. ಮಜ್ಜಿಗೆ ಅನ್ನ ಹಾಕಿದ ದಿನ ಕಡಿಮೆ ಕುಡಿಯುತ್ತದೆ, ಅದಕ್ಕೆ ಮೂರು ದಿನ ಬರೆದಿಡಿ.

ಎರಡನೆಯದು ಸ್ಯಾಂಪಲ್. ಬೆಳಗಿನ ಮೊದಲ ಉಚ್ಚೆ ಒಳ್ಳೆಯದು. ಸೌಟು ಹಿಡಿದು ಹಿಂದೆ ಬಗ್ಗಿದರೆ ಪಾಪ ಅದು ಗಾಬರಿಯಾಗಿ ಎದ್ದುಬಿಡುತ್ತದೆ. ನಾನು ಮೂರು ದಿನ ದಾಸವಾಳದ ಗಿಡದ ಹತ್ತಿರ ಹೀಗೆ ಒದ್ದಾಡಿದೆ. ಆಮೇಲೆ ಚಪ್ಪಟೆ ಸ್ಟೀಲ್ ಮುಚ್ಚಳ ಒಂದನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿಟ್ಟುಕೊಂಡೆ. ಅದು ಕೂತು ಧಾರೆ ಶುರುವಾದ ಮೇಲೆ ಪಕ್ಕದಿಂದ ಮೆಲ್ಲಗೆ ಒಳಗೆ ಸರಿಸಿದೆ. ಸಿಕ್ಕಿತು. ಮೆಡಿಕಲ್ ಶಾಪಿನ ಸ್ಯಾಂಪಲ್ ಡಬ್ಬಿಗೆ ಹಾಕಿ ಒಂದೆರಡು ಗಂಟೆಯೊಳಗೆ ಕೊಡಿ. ತಡವಾದರೆ ಫ್ರಿಜ್ಜಿನಲ್ಲಿ ಬೇರೆಯಾಗಿ ಕವರ್ ಸುತ್ತಿ ಇಡಿ. ಕಲ್ಚರಿಗೆ ಬೇಕಾದರೆ ಡಾಕ್ಟರೇ ಸೂಜಿಯಲ್ಲಿ ತೆಗೆಯುತ್ತಾರೆ, ಹೆದರಬೇಡಿ. ನಿಮ್ಮ ಶಿವಮೊಗ್ಗದಲ್ಲೇ ವೆಟರ್ನರಿ ಕಾಲೇಜಿದೆ, ಬೆಂಗಳೂರಿಗೆ ಓಡುವ ಅಗತ್ಯ ಇಲ್ಲ.

ಅಮ್ಮಾ, ಈಗ ನಿನಗೆ. ದೇವರ ಮನೆ ಪಕ್ಕ ಹೀಗಾದರೆ ನಿನಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೆ ಈ ಮಳೆಯಲ್ಲಿ ಹೊರಗೆ ಕಟ್ಟಬೇಡ. ಒದ್ದೆ ಕೂದಲಿನ ಮೇಲೆ ನೊಣ ಕೂತರೆ ಹುಳ ಬೀಳುತ್ತದೆ, ಆಮೇಲೆ ಆ ಗಾಯ ತೊಳೆಯುವುದನ್ನು ನಿನ್ನ ಕೈಯಲ್ಲಿ ನೋಡಲು ಆಗುವುದಿಲ್ಲ. ಅಡುಗೆಮನೆ, ದೇವರ ಮನೆ ಕಡೆಗೆ ಮಕ್ಕಳಿಗೆ ಹಾಕುವ ಗೇಟು ಹಾಕಿಸು. ಅದಕ್ಕೆ ಅಂತ ಹಾಲ್‌ನಲ್ಲಿ ಒಂದು ಮೂಲೆ ಕೊಡು. ಹದಿಮೂರು ವರ್ಷ ನಿನ್ನ ಕಾಲ ಬುಡದಲ್ಲೇ ಮಲಗಿದೆ ಅದು.

ಆ ಮೂಲೆಗೆ ಕೆಳಗೆ ಮಕ್ಕಳ ರಬ್ಬರ್ ಶೀಟ್, ಮೇಲೆ ಹಳೇ ಕಾಟನ್ ಪಂಚೆ ನಾಲ್ಕು ಮಡಿಕೆ. ರಾತ್ರಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ದೊಡ್ಡವರ ಅಂಡರ್‌ಪ್ಯಾಡ್. ಟೈಲ್ಸ್ ಮೇಲೆ ಕಾಲು ಜಾರುತ್ತಿದ್ದರೆ ಬಾಗಿಲ ತನಕ ಹಳೇ ಯೋಗಾ ಮ್ಯಾಟ್ ಹಾಸಿ. ಕೀಲು ನೋವಿಗೆ ಏಳಲಾಗದೆ ಅಲ್ಲೇ ಮಾಡಿಕೊಳ್ಳುವ ನಾಯಿಗಳೂ ಇವೆ. ಮಲಗುವ ಮುಂಚೆ ಒಂದು ಸಲ, ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಒಂದು ಸಲ, ಹಗಲು ಮೂರು ನಾಲ್ಕು ಗಂಟೆಗೊಮ್ಮೆ ಹೊರಗೆ ಬಿಡಿ. ಮೆಟ್ಟಿಲಿದ್ದರೆ ಎತ್ತಿಕೊಂಡೇ ಇಳಿಸಿ.

ಡೈಪರ್ ನೆಂಟರು ಬಂದಾಗ ಮಾತ್ರ ಸಾಕು. ಮಗುವಿನ ಚಿಕ್ಕ ಸೈಜಿನದಕ್ಕೆ ಬಾಲಕ್ಕೆ ತೂತು ಮಾಡಿ, ಕತ್ತರಿಸಿದ ಅಂಚಿಗೆ ಸುತ್ತ ಟೇಪ್ ಅಂಟಿಸಿ. ಇಲ್ಲದಿದ್ದರೆ ಒಳಗಿನ ಜೆಲ್ ಹೊರಬಂದು ಅದು ತಿನ್ನುತ್ತದೆ. ಮೂರು ಗಂಟೆಗಿಂತ ಜಾಸ್ತಿ ಹೊತ್ತು ಇಡಬೇಡಿ.

ಚರ್ಮ ತುಂಬಾ ಮುಖ್ಯ. ಪಾಮರೇನಿಯನ್ ಕೂದಲು ಗೊತ್ತಲ್ವಾ, ಒದ್ದೆ ಒಳಗೇ ನಿಲ್ಲುತ್ತದೆ. ಹಿಂಭಾಗ, ತೊಡೆ ಸಂದಿಯ ಕೂದಲು ಗಿಡ್ಡ ಮಾಡಿಸಿ. ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಉಜ್ಜದೆ ಬಟ್ಟೆ ಒತ್ತಿ ಒಣಗಿಸಿ. ಅರಿಶಿನ ಹಚ್ಚಬೇಡಿ, ಚರ್ಮ ಕೆಂಪಾದರೂ ಗೊತ್ತಾಗುವುದಿಲ್ಲ. ಮಗುವಿನ ರ್‍ಯಾಶ್ ಕ್ರೀಮ್ ಬೇಡವೇ ಬೇಡ, ಅದರಲ್ಲಿ ಸಾಮಾನ್ಯವಾಗಿ ಜಿಂಕ್ ಆಕ್ಸೈಡ್ ಇರುತ್ತದೆ, ನೆಕ್ಕಿದರೆ ವಿಷ. ಡಾಕ್ಟರ ಹತ್ತಿರವೇ ಕ್ರೀಮ್ ಬರೆಸಿಕೊಳ್ಳಿ. ನೆಲಕ್ಕೂ ಫಿನಾಯಿಲ್ ಸುರಿಯಬೇಡಿ. ಸೋಪು ನೀರಲ್ಲಿ ಒರೆಸಿ, ಆಮೇಲೆ ನೀರು ಬೆರೆಸಿದ ವಿನೆಗರ್ ಹಾಕಿ ಒರೆಸಿದರೆ ವಾಸನೆ ಹೋಗುತ್ತದೆ. ಪುಟ್ಟ ಅಂಬೆಗಾಲಿಡುತ್ತಿದ್ದಾನೆ, ಇಲಿಜ್ವರ ನಾಯಿಯ ಉಚ್ಚೆಯಿಂದಲೂ ಬರಬಹುದು. ಪಿಂಕಿಯ ವರ್ಷದ ಲಸಿಕೆ ಆಗಿದೆಯಾ ನೋಡಿ, ಒರೆಸಿದ ಮೇಲೆ ಕೈ ಸೋಪಲ್ಲಿ ತೊಳೆಯಿರಿ.

ಚಿಕ್ಕಮ್ಮಾ, ನಿಮ್ಮ ಮನೆ ನಾಯಿಗೆ ಆಪರೇಷನ್ ಆಗಿಲ್ಲ ಅಲ್ವಾ? ಅದು ಜಾಸ್ತಿ ನೀರು ಕುಡಿದು, ಊಟ ಬಿಟ್ಟು ಸಪ್ಪಗಾದರೆ, ಹಿಂದಿನಿಂದ ಕೀವು ಕಂಡರೆ ಅದು ಗರ್ಭಕೋಶದ ಕೀವು ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಕೀವು ಕಾಣದಿದ್ದರೂ ಹೋಗಿ.

ಅತ್ತಿಗೆ, ಪಿಂಕಿ ತಿಣುಕಿದರೂ ಹನಿ ಬರದಿದ್ದರೆ, ರಕ್ತ ಬಂದರೆ, ಹಿಂಗಾಲು ಎಳೆದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಹಾಗೇನೂ ಇಲ್ಲದಿದ್ದರೆ ನೀರಿನ ಲೆಕ್ಕ ಬರೆದಿಟ್ಟ ಮೇಲೆ ಬೆಳಿಗ್ಗೆ ಸ್ಯಾಂಪಲ್ ಹಿಡಿದು ಹೊರಡಿ, ರಿಪೋರ್ಟ್ ಬಂದ ಕೂಡಲೇ ಫೋಟೋ ಹಾಕಿ. ಚಿನ್ನಿಯ ಎರಡು ರಬ್ಬರ್ ಶೀಟ್ ಇನ್ನೂ ಬೀರುವಿನಲ್ಲಿದೆ, ಕೊಟ್ಟುಬಿಡಲು ಮನಸ್ಸು ಬಂದಿರಲಿಲ್ಲ. ಅಣ್ಣ ಭಾನುವಾರ ಮೈಸೂರಿಗೆ ಬರುತ್ತಾನಲ್ಲ, ತೊಳೆದು ಒಣಗಿಸಿ ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.